ಸರ್ವಕ್ಕನ ಪಾಲಿನ ಬರ್ಫ

ನಮ್ಮೂರಿನ ಬೇಸಿಗೆ ಅಂದರೆ ಬೇಸಿಗೆ. ಶಿವರಾತ್ರಿ ದಾಟಿತೆಂದರೆ ಕಾಗೆ ಕೂಡ ಬಾಯಿ ತೆರೆದುಕೊಂಡೇ ಕೂರುತ್ತದೆ. ಅಂಥ ದಿನಗಳಲ್ಲಿ ನೀವೇನಾದರೂ ನಮ್ಮ ಜಿನ್ನದ ಓಣಿಗೆ ಬಂದರೆ ಹೆಂಗಸರೆಲ್ಲ ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ನಿಂತಿರುವುದನ್ನು ಕಾಣುತ್ತೀರಿ. ಹುಚ್ಚರ ಓಣಿ ಎಂದು ಪೇಟೆಯ ಜನ ನಗುತ್ತಾರೆ. ನಗಲಿ. ಮಧ್ಯಾಹ್ನವಾಗುತ್ತಲೇ ಅದೇ ಜನ ಹಾಲಿನ ಕ್ಯಾನು, ಮಾವಿನಹಣ್ಣಿನ ಬುಟ್ಟಿ ಹಿಡಿದುಕೊಂಡು, "ಅಕ್ಕಾರ, ಒಂದೀಟು ನಿಮ್ಮ ಬರ್ಫದ ಮ್ಯಾಲೆ ಇಡ್ರಿ" ಎಂದು ನಮ್ಮ ಬಾಗಿಲಿಗೇ ಬರುತ್ತಾರೆ.

ಆ ಬರ್ಫದ, ಅಂದರೆ ಮಂಜುಗಡ್ಡೆಯ, ಅಂಗಳ ಒಂದು ಕಾಲಕ್ಕೆ ಹತ್ತಿ ಒಣಹಾಕುವ ಜಾಗ. ಹತ್ತಿಯ ಬೀಜ ಬಿಡಿಸುವ ಜಿನ್ನಿನ ಮಾಲೀಕರು ಯಂತ್ರ ಮಾರಿಕೊಂಡು ಹೋದ ಮೇಲೆ ಅಲ್ಲಿ ಉಳಿದದ್ದು ಕಾಂಪೌಂಡು ಗೋಡೆ ಮತ್ತು ಧೂಳು. ನನ್ನ ಅತ್ತೆ ಬಾಳವ್ವ ಹೇಳುವ ಪ್ರಕಾರ ಯಾರದೋ ಮದುವೆಗೆ ಅಲ್ಲಿ ಹಂದರ ಹಾಕಿದ್ದರು. ಧೂಳು ಏಳಬಾರದೆಂದು ಮನೆಗೊಂದು ಕೊಡ ನೀರು ತಂದು ಹೊಯ್ದರು. ಬೆಳಗಾಗುವಷ್ಟರಲ್ಲಿ ಅಂಗಳ ಬರ್ಫವಾಗಿತ್ತು. ಬೀಗರು ಬಂದವರು ಬಂದ ಹಾಗೆ ಜಾರಿ ಬಿದ್ದರು. ವರನ ಸೋದರಮಾವ ಸೊಂಟ ಉಳುಕಿಸಿಕೊಂಡದ್ದನ್ನು ಅತ್ತೆ ಈಗಲೂ ನಿನ್ನೆ ಆದದ್ದೆಂಬಂತೆ ಹೇಳಿ ನಗುತ್ತಾಳೆ. ಮೊದಮೊದಲು ಹಾಲು ಕೆಡದಿರಲಿ ಎಂದು ಅದರ ಮೇಲೆ ಪಾತ್ರೆ ಇಟ್ಟರು. ಆಮೇಲೆ ಮಕ್ಕಳು ಕುಂಡೆಯ ಮೇಲೆ ಜಾರತೊಡಗಿದವು, ಬೈಯಲು ಹೋದ ದೊಡ್ಡವರೂ ಜಾರಿದರು, ಜಾರಿದ್ದು ಅವರಿಗೂ ಹಿಡಿಸಿತು. ಕಮ್ಮಾರ ಮೌನೇಶಪ್ಪ ಕಟ್ಟಿಗೆಯ ಹಾವುಗೆಗಳ ತಳಕ್ಕೆ ಹಳೆಯ ಗರಗಸದ ಅಲಗು ಬಡಿದು ಕೊಟ್ಟ. ಅಲ್ಲಿಂದ ಮುಂದೆ ಸಂಜೆಯಾದರೆ ಇಡೀ ಓಣಿ ಅಂಗಳದಲ್ಲೇ. ಒಂದು ವರ್ಷ ಪುರಸಭೆಯವರು ಅಂಗಳ ದೊಡ್ಡದು ಮಾಡುತ್ತೇವೆಂದು ಟ್ಯಾಂಕರಿನಲ್ಲಿ ನೀರು ತಂದು ಸುರಿದರು. ಅದು ನೀರಾಗಿಯೇ ನಿಂತು ಸೊಳ್ಳೆ ಹಾಕಿತು. ಮನೆಯ ಕೊಡದ ನೀರೇ ಬೇಕು, ಅದನ್ನು ಆ ಮನೆಯವರೇ ಹೊಯ್ಯಬೇಕು.

ಹೀಗಾಗಿ ಅಂಗಳದಲ್ಲಿ ಪ್ರತಿ ಮನೆಗೂ ಒಂದು ಪಾಲು. ಸಂಜೆ ಕೊಡ ಹೊಯ್ಯುವುದು, ನಸುಕಿನಲ್ಲಿ ಬಂದು ಬರಿಗಾಲಿನಿಂದ ಮೆಟ್ಟಿ ನೋಡುವುದು. ಗಟ್ಟಿಯಾಗಿದ್ದರೆ ಮನೆಯವರೆಲ್ಲ ಮನೆಯ ಲೆಕ್ಕದಲ್ಲಿದ್ದಾರೆ ಎಂದು ಅರ್ಥ, ಅವರು ಯಾವ ಊರಲ್ಲೇ ಇರಲಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಆ ಪಾಲು ನೀರಾಗಿಯೇ ಉಳಿಯುತ್ತದೆ, ದಿನ ಮಾಡಿ ಮುಗಿಸುವವರೆಗೆ. ಮಗಳು ಮದುವೆಯಾಗಿ ಹೋದರೂ ಅಷ್ಟೇ, ತವರಿನವರು ಉಡಿ ತುಂಬಿ ಕಳಿಸುವವರೆಗೆ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮ ಪಾಲು ಕೆಲವು ದಿನ ಪಿಚಪಿಚ ಎನ್ನುತ್ತಿತ್ತು. "ಇಕಿ ಉಣ್ಣೂದು ಇಲ್ಲಿ, ಮನಸ್ಸು ಇನ್ನೂ ತವರಮನಿಯಾಗ" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಕಾಲೆಳೆದಳು. ನಾಚಿಕೆಯಿಂದ ಸಾಯುವುದೊಂದು ಬಾಕಿ. ಆ ಪಿಚಪಿಚ ನೆಲದ ಮೇಲೆ ನನ್ನ ಕೈಹಿಡಿದು ಜಾರುವುದನ್ನು ಕಲಿಸಿದವಳು ಬಾಜೂ ಮನೆಯ ಸರ್ವಕ್ಕ.

ಸರ್ವಕ್ಕ ಗಂಡನನ್ನು ಕಳೆದುಕೊಂಡು ಎಳೆವಯಸ್ಸಿನಲ್ಲೇ ತವರಿಗೆ ಮರಳಿದವಳು. ಆಕೆ ಬಂದ ಸ್ವಲ್ಪ ದಿನಕ್ಕೆ ತಾಯಿಯೂ ಹೋದಳು. ಕೈಯಲ್ಲಿ ಉಳಿದದ್ದು ತಂಗಿ ಕಸ್ತೂರಿ, ಆಗಿನ್ನೂ ಹಾಲುಹಲ್ಲು ಬೀಳದ ಹುಡುಗಿ. ಹೊಲಿಗೆ ಮಿಷನ್ ತುಳಿದು ತುಳಿದು ಅವಳನ್ನು ಸಾಕಿದಳು. ಸಂಜೆ ಅಕ್ಕ ತಂಗಿ ಕೈಕೈ ಹಿಡಿದು ಬರ್ಫಕ್ಕೆ ಇಳಿದರೆ ಉಳಿದವರು ಜಾರುವುದನ್ನು ಬಿಟ್ಟು ಗೋಡೆಗೆ ಒರಗಿ ನೋಡುತ್ತಿದ್ದರಂತೆ. ನಾನು ಬರುವಷ್ಟರಲ್ಲಿ ಆ ಜೋಡಿ ಮುರಿದುಹೋಗಿತ್ತು.

ಮುರಿದದ್ದು ಒಂದು ಸಂಬಂಧದಿಂದ. ಕಸ್ತೂರಿಗೆ ಮೂವತ್ತು ದಾಟಿದ ಮೇಲೆ ಒಂದು ಒಳ್ಳೆಯ ಮನೆಯವರು ಕೇಳಿಕೊಂಡು ಬಂದಿದ್ದರು. ಸರ್ವಕ್ಕ ಅವರಿಗೆ ಚಹಾ ಕೊಟ್ಟು, "ನಮ್ಮ ಹುಡುಗಿಗೆ ಮದುವಿ ಮನಸ್ಸಿಲ್ರಿ" ಎಂದು ಬಾಗಿಲಿಂದಲೇ ಕಳಿಸಿಬಿಟ್ಟಳು. ಹುಡುಗಿಯನ್ನು ಕೇಳಿರಲೇ ಇಲ್ಲ. ಮನೆಯಲ್ಲಿ ಒಬ್ಬಳೇ ಉಳಿಯುವ ಭಯ, ಮತ್ತೇನಿಲ್ಲ. ಇಂಥ ಸಂಗತಿ ಎಷ್ಟು ದಿನ ಮುಚ್ಚಿಟ್ಟರೆ ನಿಲ್ಲುತ್ತದೆ? ಗೊತ್ತಾದ ದಿನ ಕಸ್ತೂರಿ, "ನಿನ್ನ ಬಾಳೇವು ಹೋತು ಅಂತ ನಂದೂ ಮುಚ್ಚಿ ಇಡತಿಯೇನು?" ಎಂದು ಕೇಳಿದಳು. ಆಡಬಾರದ ಮಾತು ಅದು. ಸರ್ವಕ್ಕನೂ ಕಡಿಮೆಯವಳಲ್ಲ. "ಹಂಗಾರ ನಡಿ. ಈ ಹೊಸ್ತಿಲಾ ಮತ್ತ ತುಳೀಬ್ಯಾಡ" ಎಂದಳು. ಕಸ್ತೂರಿ ಟ್ರಂಕು ಎತ್ತಿಕೊಂಡು ಹೋಗಿ ನದಿಯಾಚೆಯ ಊರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿದಳು. ಬಸ್ಸಿನಲ್ಲಿ ಅರ್ಧ ದಿನದ ಹಾದಿ. ಇವಳು ಹೋಗಲಿಲ್ಲ, ಅವಳು ಬರಲಿಲ್ಲ.

ಹೋಗುವ ಅಗತ್ಯವಾದರೂ ಏನಿತ್ತು? ಬೇಸಿಗೆಯುದ್ದಕ್ಕೂ ಸರ್ವಕ್ಕ ನಸುಕಿನಲ್ಲಿ ಎದ್ದು ಬರುತ್ತಿದ್ದಳು, ಚಪ್ಪಲಿ ಕಳೆದು ತನ್ನ ಪಾಲಿನ ಮೇಲೆ ಬಲಗಾಲು ಇಡುತ್ತಿದ್ದಳು. ಗಟ್ಟಿ. "ಚಲೋ ಅದಾಳ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದಳು. ರೋಹಿಣಿ ಮಳೆ ಬಿದ್ದು ಬರ್ಫ ಕರಗಿದ ದಿನದಿಂದ ಅವಳಿಗೆ ಚಡಪಡಿಕೆ. ಚಳಿಗಾಲ ಮುಗಿಯುವುದನ್ನು ಬೆರಳು ಮಡಚಿ ಕಾಯುತ್ತಿದ್ದಳು. ಊರೆಲ್ಲ ಬಿಸಿಲನ್ನು ಬೈಯುವಾಗ ಬಿಸಿಲು ಬಂತೆಂದು ಹಿಗ್ಗುವ ಹೆಂಗಸನ್ನು ನಾನು ನೋಡಿದ್ದು ಇವಳೊಬ್ಬಳನ್ನೇ. ಒಟ್ಟಿನಲ್ಲಿ ಬರ್ಫ ಗಟ್ಟಿ ಇರುವ ತನಕ ಇಬ್ಬರ ಸೊಕ್ಕೂ ಗಟ್ಟಿಯಾಗಿಯೇ ಇತ್ತು.

ಹೀಗಿರುವಾಗ ಒಂದು ಬೇಸಿಗೆ, ಅಂಗಳ ಗುಡಿಸುವ ಪಾಳಿ ನಮ್ಮ ಮನೆಯದಿತ್ತು. ಬೆಳಕು ಹರಿಯುವ ಮುಂಚೆ ಕಸಬರಿಗೆ ಹಿಡಿದು ಹೋದ ಅತ್ತೆ ಒದ್ದೆ ಸೀರೆಯ ಅಂಚು ಹಿಂಡುತ್ತ ಓಡೋಡಿ ಬಂದಳು.

"ಶಕ್ಕೂ, ಏಳಬೇ. ಸರ್ವಿ ಪಾಲು ನೀರಾಗೇತಿ" ಎಂದು ನನ್ನನ್ನು ಅಲುಗಿಸಿದಳು.

ಎದುರು ಮನೆಯ ಮಾಬೂಬಿಯನ್ನು ಎಬ್ಬಿಸಿದೆವು. ಮೂವರೂ ಹೋಗಿ ನೋಡಿದೆವು. ಸುತ್ತಲೂ ಕಲ್ಲಿನಂಥ ಬರ್ಫ, ನಡುವೆ ಸರ್ವಕ್ಕನ ಪಾಲಿನಷ್ಟೇ ಚೌಕ ನೀರು. ಮಾಬೂಬಿ ಬಾಯಿಗೆ ಸೆರಗು ಒತ್ತಿಕೊಂಡಳು. "ಇದ್ದಾಕಿ ಒಬ್ಬಾಕಿ ತಂಗಿ. ಆಕಿನೂ ಹೋದಳಲ್ಲ ಬಾಳಕ್ಕಾ" ಎಂದು ಅತ್ತಳು. ನಮಗೆ ಯಾರಿಗೂ ಬೇರೆ ಯೋಚನೆ ಬರಲಿಲ್ಲ. ನೀರಾದರೆ ಸಾವು, ಇಲ್ಲವೇ ಮದುವೆ. ನಲವತ್ತು ದಾಟಿದ, ಹಾಸ್ಟೆಲ್ಲಿನ ಹೊಗೆಯಲ್ಲಿ ಬೇಯುವ ಹೆಂಗಸಿಗೆ ಎಲ್ಲಿಯ ಮದುವೆ? ಆ ಮಾತು ನಮ್ಮ ಬಾಯಿಗೆ ಬರುವುದು ಹೋಗಲಿ, ಮನಸ್ಸಿಗೂ ಸುಳಿಯಲಿಲ್ಲ.

"ಸರ್ವಿ ಈಗ ಬರತಾಳ. ಮೆಟ್ಟಿ ನೋಡಿದ್ಲು ಅಂದರ ಇಲ್ಲೇ ಬಿದ್ದು ಹೋಗತಾಳ" ಎಂದಳು ಅತ್ತೆ. ಮುಂದಿನದನ್ನು ಯೋಚಿಸುವಷ್ಟು ವೇಳೆ ಇರಲಿಲ್ಲ. ಮಾಬೂಬಿ ಬೋಗುಣಿಯಿಂದ ನೀರು ತೋಡಿ ಗಟಾರಕ್ಕೆ ಚೆಲ್ಲಿದಳು. ಅವಳ ಅಳು ಕೇಳಿ ಎದ್ದು ಬಂದಿದ್ದ ಮೌನೇಶಪ್ಪ ಗರಗಸ ತಂದು ನಮ್ಮ ಪಾಲಿನಿಂದ ಒಂದು ದೊಡ್ಡ ಹಾಸು ಕೊಯ್ದ. ನಾಲ್ವರೂ ಉಸಿರು ಬಿಗಿಹಿಡಿದು ಅದನ್ನು ತಳ್ಳಿ ಸರ್ವಕ್ಕನ ಪಾಲಿನಲ್ಲಿ ಕೂರಿಸಿದೆವು. ಸಂದಿಯಲ್ಲಿ ಬರ್ಫದ ಪುಡಿ ತುಂಬಿ ಒರೆಸಿ ಎದ್ದು ನಿಲ್ಲುವಷ್ಟರಲ್ಲಿ ಸರ್ವಕ್ಕ ಬಂದಳು. ಚಪ್ಪಲಿ ಕಳೆದಳು, ಬಲಗಾಲು ಇಟ್ಟಳು. "ಚಲೋ ಅದಾಳ" ಎಂದಳು. ಅತ್ತೆ ಮುಖ ತಿರುಗಿಸಿಕೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಆ ವಾರವೇ ಅತ್ತೆ ನದಿಯಾಚೆಯ ಬಸ್ಸಿನ ಕಂಡಕ್ಟರನ ಕೈಲಿ ವಿಚಾರಿಸಿದಳು. ಹಾಸ್ಟೆಲ್ಲಿನಲ್ಲಿ ಬೇರೆ ಹೆಂಗಸು ಅಡುಗೆ ಮಾಡುತ್ತಿದ್ದಾಳೆ, ಕಸ್ತೂರಿಗೆ ಜ್ವರ ಏರಿ ದವಾಖಾನೆಗೆ ಒಯ್ದಿದ್ದರು, ತಿರುಗಿ ಬರಲಿಲ್ಲ ಎಂದು ಅವನು ಸುದ್ದಿ ತಂದ. ಇನ್ನೇನು ಉಳಿಯಿತು? ಓಣಿಯವರೆಲ್ಲ ಕೂಡಿ ಬಾಯಿಗೆ ಬೀಗ ಹಾಕಿಕೊಂಡೆವು. ಸಂಜೆ ಸರ್ವಕ್ಕ ಕೊಡ ಹೊಯ್ಯುವಳು, ಅದು ಹಾಸಿನ ಮೇಲೆ ನೀರಾಗಿ ನಿಲ್ಲುವುದು. ನಸುಕಿನಲ್ಲಿ ಪಾಳಿಯ ಮನೆಯವರು ಹೋಗಿ ಅದನ್ನು ತೋಡಿ, ಒಣಬಟ್ಟೆಯಿಂದ ಒರೆಸಿ ಬರುವುದು. ಹಾಸು ತೆಳುವಾದರೆ ಇನ್ನೊಂದು ಮನೆಯ ಪಾಲಿನಿಂದ ಕೊಯ್ದು ಕೂರಿಸುವುದು. ಜನ ಸುಳ್ಳಿಗೆ ನೀರೆರೆದು ಬೆಳೆಸುತ್ತಾರೆ. ನಾವು ದಿನಾ ನೀರು ತೆಗೆದು ಬೆಳೆಸಿದೆವು. ಆ ಬೇಸಿಗೆ ಹಾಗೆಯೇ ಹೋಯಿತು, ಮುಂದಿನದೂ ಅರ್ಧ ಹೋಯಿತು.

ಎರಡನೆಯ ಬೇಸಿಗೆಯಲ್ಲಿ ಒಂದು ರಾತ್ರಿ ಗಾಳಿಯೇ ಆಡಲಿಲ್ಲ. ಮನೆಯೊಳಗಿನ ಸೆಕೆಗೆ ನಿದ್ದೆ ಬಾರದ ಸರ್ವಕ್ಕ ಎಂದಿಗಿಂತ ಮುಂಚೆ ಅಂಗಳಕ್ಕೆ ಬಂದಳು. ಅತ್ತೆ ಅವಳ ಪಾಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೋಗುಣಿಯಿಂದ ನೀರು ತೋಡುತ್ತಿದ್ದಳು, ನಾನು ಬಟ್ಟೆ ಹಿಡಿದು ನಿಂತಿದ್ದೆ.

"ಏನ ಮಾಡಾಕತ್ತೀರಿ ಬಾಳಕ್ಕಾ?"

ಅತ್ತೆಯ ಕೈಯಿಂದ ಬೋಗುಣಿ ಜಾರಿ ಬರ್ಫದ ಮೇಲೆ ಗಿರಗಿರನೆ ತಿರುಗಿತು. ಸರ್ವಕ್ಕ ಬಗ್ಗಿ ಬೆರಳಿನಿಂದ ಆ ನೀರು ಮುಟ್ಟಿದಳು, ಹಾಸಿನ ಸಂದಿಯನ್ನು ಮುಟ್ಟಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಂದಿನಿಂದ?"

"ಹ್ವಾದ ಬ್ಯಾಸಿಗಿಯಿಂದ" ಎಂದಳು ಅತ್ತೆ. "ಹ್ಯಾಂಗ ಹೇಳೂದಬೇ ಸರ್ವಿ? ನಮಗ ಬಾಯಿ ಬರಲಿಲ್ಲ."

ಸರ್ವಕ್ಕ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ನನ್ನ ತಂಗಿ ಸುದ್ದೀನ ದಿನಾ ಗಟಾರಕ್ಕ ಚೆಲ್ಲೀರಿ" ಎಂದಳು. ಬೈದಿದ್ದರೆ, ಕೂದಲು ಹಿಡಿದು ಜಗ್ಗಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅಲ್ಲೇ ಕೂತು ಗೊಳೋ ಎಂದು ಅತ್ತಳು. ಸದ್ದಿಗೆ ಓಣಿ ಎದ್ದು ಬಂತು. ಮಾಬೂಬಿ ಸರ್ವಕ್ಕನ ಹೆಗಲು ಹಿಡಿದು, "ದಿನ ಮಾಡಿ ಮುಗಿಸಿಬಿಡೂಣು ತಂಗಿ, ನಾವೆಲ್ಲಾ ಅದೀವಿ" ಎಂದಳು. ಸರ್ವಕ್ಕ ಆ ಕೈಯನ್ನು ಮೆಲ್ಲಗೆ ತೆಗೆದಿಟ್ಟಳು. "ಹೆಣ ಕಂಡಿಲ್ಲ, ಮಣ್ಣು ಕಂಡಿಲ್ಲ, ಯಾರ ದಿನ ಮಾಡ್ಲಿ?" ಎಂದು ಎದ್ದು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆವತ್ತು ನಮ್ಮ ಓಣಿಯಲ್ಲಿ ಯಾರೂ ಜಾರಲಿಲ್ಲ. ಅತ್ತೆ ಗಂಟಲಲ್ಲಿ ನೀರು ಇಳಿಸಲಿಲ್ಲ. ಹೊತ್ತು ಇಳಿಯುವಾಗ ಸರ್ವಕ್ಕ ನಮ್ಮ ಮನೆಗೆ ಬಂದಳು, ಕೈಯಲ್ಲೊಂದು ಗಂಟು. ಬಿಚ್ಚಿ ತೋರಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮಡಚಿಟ್ಟ ಹಸಿರು ಖಣ.

"ಸತ್ತರೂ ನೀರಾಗತೈತಿ, ಮದುವ್ಯಾದರೂ ನೀರಾಗತೈತಿ. ಯಾವುದಂತ ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹೋಗಿ ನೋಡತೀನಿ. ಇದ್ದರ ಉಡಿ ತುಂಬಿ ಬರತೀನಿ. ಇಲ್ಲಂದರ ಇದ ಅಕ್ಕಿ ಆಕಿ ಮಣ್ಣಿನ ಮ್ಯಾಲೆ ಹಾಕಿ ಬರತೀನಿ." ಆಮೇಲೆ ದನಿ ಇಳಿಸಿ, "ಉಡಿ ತುಂಬಾಕ ನನ್ನ ಕೈ ನಡೆಯೂದಿಲ್ಲ ಬಾಳಕ್ಕಾ, ಮುತ್ತೈದಿ ಬೇಕು. ಶಕ್ಕೂನ್ನ ಕಳಸ್ರಿ" ಎಂದಳು. ಅತ್ತೆ ಎದ್ದು ನನ್ನ ಚೀಲಕ್ಕೆ ರೊಟ್ಟಿ ಕಟ್ಟಿದಳು.

ಮರುದಿನದ ಬಸ್ಸಿನಲ್ಲಿ ಸರ್ವಕ್ಕ ಗಂಟನ್ನು ಮಡಿಲಿಂದ ಕೆಳಗಿಡಲಿಲ್ಲ. ಹೊರಗೆ ನೋಡುತ್ತಲೇ ಗೊಣಗುತ್ತಿದ್ದಳು. ದೇವರ ನಾಮವೋ ಏನೋ ಎಂದು ಕಿವಿಗೊಟ್ಟೆ. "ಮದುವಿ ಆಗಿರಲಿ. ಎಂಥಾ ಅಡ್ನಾಡಿನ್ನರ ಆಗಿರಲಿ. ನನಗ ಬೈಕೋತನರ ಆಗಿರಲಿ." ತಂಗಿಯ ಸಂಬಂಧವನ್ನು ಬಾಗಿಲಿಂದ ಓಡಿಸಿದ ಹೆಂಗಸು, ಹಾದಿಯುದ್ದಕ್ಕೂ ಬೇಡಿಕೊಂಡದ್ದು ಆ ತಂಗಿಯ ಮದುವೆಯನ್ನು. ನಾನು ಕಿಟಕಿಯ ಧೂಳಿನ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

ಹಾಸ್ಟೆಲ್ಲಿನಲ್ಲಿ ಹೊಸ ಅಡುಗೆಯವಳಿಗೆ ಏನೂ ಗೊತ್ತಿರಲಿಲ್ಲ. ದವಾಖಾನೆಗೆ ಹೋದೆವು. ವರಾಂಡದಲ್ಲಿ ಬಕೆಟ್ ಹಿಡಿದು ಹೊರಟಿದ್ದ ಆಯಾಳ ಮುಂದೆ ಸರ್ವಕ್ಕ ನನ್ನನ್ನು ದೂಡಿದಳು. ನಾನೇ ಕೇಳಿದೆ.

"ಯಾರು, ಹಾಸ್ಟೆಲಿನ ಕಸ್ತೂರಿ?" ಆಯಾ ಬಕೆಟ್ ಕೆಳಗಿಟ್ಟು ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ, ಆಕಿನ್ನ ಬಾಜೂ ಕಾಟಿನ ಮುದುಕಿ ತನ್ನ ಮಗನಿಗೆ ತಂದಕೊಂಡಾಳಲ್ಲ! ತನಗ ಎದ್ದು ಕೂಡಾಕ ಆಗತಿದ್ದಿಲ್ಲ, ಆ ಮುದುಕಿಗೆ ಗಂಜಿ ಕುಡಸತಿದ್ದಳು. ಮುದುಕಿ ಬಿಟ್ಟೀತ? ಊರೆಲ್ಲಾ ಲಾಡು ಹಂಚ್ಯಾರ. ನೀವು ಎಲ್ಲಿ ಇದ್ರಿ?"

ಸರ್ವಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಎರಡೂ ಇತ್ತು ಅನ್ನಿ. ಹೋಗಿ ಬರುವ ರೋಗಿಗಳೇ ಇವಳ ಬಗ್ಗೆ ಮರುಗಿದರು.

ಆಯಾ ಹೇಳಿದ ಮನೆ ಹತ್ತಿರದಲ್ಲೇ ಇತ್ತು. ಕಸ್ತೂರಿ ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಿದ್ದಳು. ನಾನು ಅವಳನ್ನು ಕಂಡದ್ದು ಅದೇ ಮೊದಲು, ಆದರೂ ಗುರುತು ಸಿಕ್ಕಿತು. ಮೂಗಿನ ತುದಿಯ ಸಿಟ್ಟು ಅಕ್ಕನದೇ. ನಮ್ಮನ್ನು ನೋಡಿದವಳು ಏಳಲಿಲ್ಲ, ಮೊರವನ್ನೂ ಕೆಳಗಿಡಲಿಲ್ಲ.

"ಈಗ ದಾರಿ ಕಂಡ್ತೇನು ಎಕ್ಕಾ?" ಎಂದಳು. "ಎರಡು ಬ್ಯಾಸಿಗಿ ಆತು. ನೀರಾದದ್ದು ನೋಡಿದ ಮುಂಜಾನಿನ ತಿಳೀತೈತಿ, ಓಡಿ ಬರತಾಳ ಅಂತ ಬಸ್ಸಿನ ಸಪ್ಪಳಕ್ಕೊಮ್ಮೆ ಬಾಗಲಕ್ಕ ಬಂದೆ. ಒಂದ ಮದುವಿ ಬಾಗಲದಾಗ ತಡದಿ. ಇನ್ನೊಂದಕ್ಕ ಒಂದು ಉಡಿನೂ ಹಾಕಲಾರದಷ್ಟು ಬ್ಯಾಡಾದೆ ಅಂತ ತಿಳಕೊಂಡೆ."

ನಾನು ತಡೆದುಕೊಳ್ಳಲಾರದೆ, "ಇಲ್ರಿ, ಅದು ಸರ್ವಕ್ಕಾರ ತಪ್ಪಲ್ಲ, ನಮ್ಮತ್ತಿ..." ಎಂದು ಬಾಯಿ ಹಾಕಿದೆ. ಸರ್ವಕ್ಕ ನನ್ನ ಮೊಣಕೈ ಹಿಡಿದು ಸುಮ್ಮನಾಗಿಸಿದಳು. ತಾನೇ ಹೇಳಿದಳು, ಹಾಸು ಕೂರಿಸಿದ್ದು, ದಿನಾ ನೀರು ತೋಡಿದ್ದು, ಎಲ್ಲ.

"ಅವರು ನೀ ಸತ್ತಿ ಅಂತ ತಿಳದು ನನ್ನ ಜೀವ ಉಳಸಾಕ ಹಂಗ ಮಾಡಿದರು. ಅವರಿಗೆ ಏನೂ ಅನಬ್ಯಾಡ. ದಿನಾ ಮೆಟ್ಟತಿದ್ದೆ, ಕಾಲಿಗೆ ಸಂದಿ ಹತ್ತತಿತ್ತು. ಹಿಂದ ಎಂದೂ ಹತ್ತಿದ್ದಿಲ್ಲ. ಬಗ್ಗಿ ನೋಡಲಿಲ್ಲ. ನೀ ಇನ್ನೂ ನನ್ನ ಮನಿಯಾಕಿ ಅಂತ ನಂಬೂದು ನನಗ ಬೇಕಾಗಿತ್ತು ಕಸ್ತೂರಿ. ಅವತ್ತು ಅವರನ್ನ ಬಾಗಲದಿಂದ ಕಳಸಿದ್ದೂ ಅದಕ್ಕ."

ಕಸ್ತೂರಿ ಮೊರ ಪಕ್ಕಕ್ಕಿಟ್ಟು, "ಬಾಳಕ್ಕ ದಿನಾ ನೀರು ತೋಡಿದಳೇನು? ಆ ನೋವಿನ ಸೊಂಟ ಇಟಗೊಂಡು?" ಎಂದಳು. ನನಗೆ ನಗು ಬಂತು. ಅವಳಿಗೂ ಬಂತು, ನಗುತ್ತ ನಗುತ್ತಲೇ ಅಳು ಬಂದು ಅಕ್ಕನ ಕೊರಳಿಗೆ ಬಿದ್ದಳು. ಒಳಗಿನಿಂದ ಅವಳ ಗಂಡ ಗುರುಪಾದಪ್ಪ, ಪಾಪ, ಏನಾಯಿತೋ ಎಂದು ಕೈಯಲ್ಲಿ ಚಹಾದ ಸೋಸಣಿಗೆ ಹಿಡಿದುಕೊಂಡೇ ಓಡಿ ಬಂದ.

ದೀಪ ಹಚ್ಚುವ ಹೊತ್ತಿಗೆ ಮಣೆ ಹಾಕಿ ಕಸ್ತೂರಿಯನ್ನು ಕೂರಿಸಿದೆವು. ಸರ್ವಕ್ಕ ಗಂಟು ಬಿಚ್ಚಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆಗೆ ಸರಿದು ನಿಂತಳು. ನಾನು ಬೊಗಸೆ ತುಂಬ ಅಕ್ಕಿ ತೆಗೆದುಕೊಂಡರೆ ಕಸ್ತೂರಿ ಸೆರಗು ಒಡ್ಡಲೇ ಇಲ್ಲ.

"ಎಕ್ಕಾ, ನೀನ ತುಂಬು."

"ಹುಚ್ಚಿ, ನನ್ನ ಕೈಲೆ ಹಾಕಬಾರದು."

"ನನ್ನ ಜಡಿ ಹೆಣದ ಕೈ, ಜ್ವರ ಬಂದಾಗ ಹಣಿ ಹಿಡದ ಕೈ. ಇವತ್ತೊಂದ ದಿನ ಅದಕ್ಕೇನಾತು? ನೀ ತುಂಬದಿದ್ದರ ನಾ ಏಳೂದಿಲ್ಲ."

ಸರ್ವಕ್ಕ ಕಸ್ತೂರಿಯ ಅತ್ತೆಯಾದ ಆ ಮುದುಕಿಯ ಮುಖ ನೋಡಿದಳು. ಮುದುಕಿ ಕಂಬಕ್ಕೆ ಒರಗಿ, "ತುಂಬಬೇ ತಾಯಿ, ನನಗೂ ಮಲಗೂ ಹೊತ್ತಾತು" ಎಂದಳು. ಸರ್ವಕ್ಕ ತುಂಬಿದಳು. ಅರ್ಧ ಅಕ್ಕಿ ಮಣೆಯ ಸುತ್ತ ಚೆಲ್ಲಿತು. ಅದನ್ನು ನಾನೇ ಆರಿಸಿದೆ.

ಮರುದಿನ ನಾವು ತಿರುಗಿ ಬಂದೆವು. ಸಂಜೆ ಸರ್ವಕ್ಕ ಹಾಸನ್ನು ತೆಗೆಸಿ ತನ್ನ ಪಾಲಿಗೆ ತನ್ನ ಕೊಡವನ್ನು ಹೊಯ್ದಳು. ಅದರ ಮರುನಸುಕಿಗೆ ಓಣಿಗೆ ಓಣಿಯೇ ಅವಳಿಗಿಂತ ಮುಂಚೆ ಅಂಗಳದಲ್ಲಿ ನೆರೆದಿತ್ತು. ಬೋಗುಣಿ ತಂದವರು ಯಾರೂ ಇರಲಿಲ್ಲ. ಸರ್ವಕ್ಕ ಚಪ್ಪಲಿ ಕಳೆದು ಬಲಗಾಲು ಇಟ್ಟಳು. ಗಟ್ಟಿ. ಎಲ್ಲೂ ಸಂದಿಯಿಲ್ಲದ, ಅಂಚಿನಿಂದ ಅಂಚಿಗೆ ಒಂದೇ ಬರ್ಫ. ಹುಡುಗರು ಸಿಳ್ಳೆ ಹಾಕಿದರು, ಮೌನೇಶಪ್ಪ ಗರಗಸಕ್ಕೆ ಸುತ್ತಿಗೆ ಬಡಿದ. ಅತ್ತೆಯಂತೂ ತನ್ನ ಪಾಪವೆಲ್ಲ ತೊಳೆದುಹೋದಂತೆ, "ಗಟ್ಟಿ ಆತು ಸರ್ವಿ, ಗಟ್ಟಿ ಆತು!" ಎಂದು ಕೂಗಿದಳು.

ಸರ್ವಕ್ಕ ನಗಲಿಲ್ಲ. ಎರಡನೆಯ ಕಾಲನ್ನೂ ಇಟ್ಟು, ಬರ್ಫದ ಮೇಲೆ ನಿಂತು ಕೆಳಗೆ ನೋಡುತ್ತಿದ್ದಳು. ಎಂದಿನ ಮಾತು ಅವಳ ಬಾಯಿಗೆ ಬಂದದ್ದು ಅಲ್ಲೇ ನಿಂತಿತು.

"ಆತು ಬಾಳಕ್ಕಾ" ಎಂದಳು ಕೊನೆಗೆ. "ಇನ್ನ ಇದು ನನ್ನೊಬ್ಬಾಕಿ ಸುದ್ದಿ ಹೇಳತೈತಿ."

ಸರ್ವಕ್ಕ ಬರ್ಫದಿಂದ ಇಳಿದು ಸೆರಗಿನಿಂದ ಎರಡೂ ಪಾದ ಒರೆಸಿಕೊಂಡಳು, ಚಪ್ಪಲಿ ಮೆಟ್ಟಿದಳು.

"ಶಕ್ಕೂ, ನದಿಯಾಚಿ ಬಸ್ಸು ಹೋತೇನು ನೋಡು."

"ನಿನ್ನೆರ ಬಂದೀವಲ್ರಿ ಸರ್ವಕ್ಕಾರ!" ಎಂದೆ.

"ಬಂದೀವಿ. ನಿನ್ನೀದು ನಿನ್ನಿಗಾತು" ಎಂದು ಅವಳು ಆಗಲೇ ಓಣಿಯ ಬಾಯಿಯತ್ತ ನಡೆಯುತ್ತಿದ್ದಳು. "ಇವತ್ತ ಹ್ಯಾಂಗದಾಳ ಅಂತ ನನಗ ಯಾರು ಹೇಳಬೇಕು?"